ಸಂಘದ ಹಳೆಯ ವೆಬ್‌ಸೈಟ್: ಯಾವ ಟೇಬಲ್ ತೆಗೆಯಬೇಕು, ಯಾವುದು ಉಳಿಯಬೇಕು?

ಪ್ರಶ್ನೆ: ನಮಸ್ಕಾರ. ವಿರಾಜಪೇಟೆ ಕಡೆಯ ಒಂದು ಸಣ್ಣ ಕಾಫಿ ಬೆಳೆಗಾರರ ಸಂಘಕ್ಕೆ ನಾನು ಕಾರ್ಯದರ್ಶಿ. 2006ರಲ್ಲಿ ಮಾಡಿಸಿದ ವೆಬ್‌ಸೈಟ್ ಇದೆ. ಕಾಫಿ, ಕಾಳುಮೆಣಸಿನ ದಿನದ ದರ, ಸದಸ್ಯರ ತೋಟಗಳಿಂದ ಬರುವ ಮಳೆ ಲೆಕ್ಕ, ಸಭೆಯ ನೋಟಿಸು, ಇಷ್ಟೇ ಅದರಲ್ಲಿರುವುದು. ಮೊಬೈಲ್‌ನಲ್ಲಿ ತೆರೆದರೆ ಅಕ್ಷರ ತೀರಾ ಸಣ್ಣ, ಎರಡು ಬೆರಳಲ್ಲಿ ಹಿಗ್ಗಿಸಿ ಅತ್ತಿತ್ತ ಎಳೆದಾಡಬೇಕು. ದರ, ಮೆನು ಎಲ್ಲ ಇಂಗ್ಲಿಷಿನಲ್ಲಿವೆ. ಕನ್ನಡದ ನೋಟಿಸುಗಳು ಸಂಘದ ಕಂಪ್ಯೂಟರ್‌ನಲ್ಲಿ ಸರಿಯಾಗಿ ಕಾಣುತ್ತವೆ, ಮೊಬೈಲ್‌ನಲ್ಲಿ ಮಾತ್ರ ಏನೇನೋ ಚಿಹ್ನೆಗಳು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ನಮ್ಮ ಹಿರಿಯ ಸದಸ್ಯರೊಬ್ಬರು ಫೋನ್ ಓದಿ ಹೇಳುವ ವ್ಯವಸ್ಥೆ ಬಳಸುತ್ತಾರೆ. ‘ನಿಮ್ಮ ಸೈಟ್ ಮೊದಲು ಬರೀ ಹೆಸರು ಹೇಳುತ್ತೆ, ಆಮೇಲೆ ಬರೀ ನಂಬರ್ ಹೇಳುತ್ತೆ. ಯಾವ ದರ ಯಾವುದರದ್ದು ಅಂತ ಗೊತ್ತಾಗೋದೇ ಇಲ್ಲ’ ಎಂದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗನಿಗೆ ತೋರಿಸಿದೆ. ‘ಮಾವ, ಪೂರ್ತಿ ಟೇಬಲ್‌ನಲ್ಲಿ ಕಟ್ಟಿದ್ದಾರೆ. ಟೇಬಲ್ ಈಗ ಬ್ಯಾನ್, ಎಲ್ಲ ಕಿತ್ತು ಡಿವ್ ಹಾಕಬೇಕು’ ಎಂದ. ಹಾಗಾದರೆ ದರಪಟ್ಟಿಯನ್ನೂ ಕೀಳಬೇಕೆ? ಸೈಟ್ ಮುಟ್ಟಿದರೆ ಗೂಗಲ್‌ನಲ್ಲಿ ಹಿಂದೆ ಬೀಳುತ್ತೇವೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಸಂಘದ ಹತ್ತಿರ ದುಡ್ಡು ಹೆಚ್ಚಿಲ್ಲ. ಮುಖಪುಟದ ಕಡತ ಜೊತೆಗೆ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಕಡತವನ್ನು ಬಿಚ್ಚಿ ನೋಡಿದೆ. ನಿಮ್ಮನ್ನು ಕಾಡುತ್ತಿರುವುದು ಒಂದಲ್ಲ, ಮೂರು ತೊಂದರೆ. ಮೊಬೈಲ್‌ನಲ್ಲಿ ಪುಟ ಕುಗ್ಗುವುದು ಒಂದು. ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ವಿಷಯವನ್ನು ತಪ್ಪು ಕ್ರಮದಲ್ಲಿ ಓದುವುದು ಎರಡನೆಯದು. ಕನ್ನಡ ನೋಟಿಸು ಕೆಟ್ಟು ಕಾಣುವುದು ಮೂರನೆಯದು. ಇದಕ್ಕೂ ಟೇಬಲ್‌ಗೂ ಸಂಬಂಧವೇ ಇಲ್ಲ. ನಿಮ್ಮ ಸೋದರಳಿಯ ರೋಗವನ್ನು ಸರಿಯಾಗಿ ಗುರುತಿಸಿದ್ದಾರೆ. ಆದರೆ ಅವರು ಹೇಳಿದ ಹಾಗೆ ಎಲ್ಲ ಟೇಬಲ್ ಕಿತ್ತು ಡಿವ್ ಎಂಬ ಖಾಲಿ ಪೆಟ್ಟಿಗೆಗಳನ್ನು ತುಂಬಿಸಿದರೆ ಮೊದಲನೆಯ ತೊಂದರೆ ಹೋಗಬಹುದು, ಎರಡನೆಯದು ಹಾಗೆಯೇ ಉಳಿಯಬಹುದು, ಇನ್ನಷ್ಟು ಹದಗೆಡಲೂಬಹುದು.

ದರಪಟ್ಟಿಯ ಮಾತು ಮೊದಲೇ ಹೇಳಿಬಿಡುತ್ತೇನೆ: ಅದನ್ನು ಕೀಳಬೇಡಿ. ಅಷ್ಟೇ ಅಲ್ಲ, ನಿಮ್ಮ ಪುಟದಲ್ಲಿ ನಿಜವಾದ ಟೇಬಲ್ ಬೇಕಾಗಿರುವ ಒಂದೇ ಒಂದು ಜಾಗ ಅದು, ಅಲ್ಲೇ ಅದು ಇಲ್ಲ. ಹೇಗೆಂದು ಮುಂದೆ ವಿವರಿಸುತ್ತೇನೆ.

ಟೇಬಲ್ ನಿಷೇಧವಾಗಿದೆಯೇ?

ಇಲ್ಲ. ಸಾಲು, ಕಾಲಂಗಳಲ್ಲಿ ಅಂಕಿಅಂಶ ತೋರಿಸಲು ಇಂದಿಗೂ ಟೇಬಲ್ಲೇ ಸರಿಯಾದ ಸಾಧನ. ಬೇಡವೆಂದಿರುವುದು ಅದನ್ನು ಪುಟದ ಚೌಕಟ್ಟಾಗಿ ಬಳಸುವುದನ್ನು: ಮೇಲೆ ಬ್ಯಾನರ್ ಒಂದು ಸೆಲ್, ಎಡಕ್ಕೆ ಮೆನು ಒಂದು ಸೆಲ್, ನಡುವೆ ವಿಷಯ ಒಂದು ಸೆಲ್, ಅದರೊಳಗೆ ಮತ್ತೆ ಇನ್ನೊಂದು ಟೇಬಲ್.

ಇದನ್ನು ಕಟ್ಟಿಕೊಟ್ಟವರನ್ನು ಬೈಯುವುದು ನ್ಯಾಯವಲ್ಲ. ನೆಟ್‌ಸ್ಕೇಪ್ ಬ್ರೌಸರ್‌ಗೆ ಟೇಬಲ್ ಬಂದದ್ದು 1995ರಲ್ಲಿ. ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಬಂತು, ಬ್ರೌಸರ್‌ಗಳು ಅದನ್ನು ಸರಿಯಾಗಿ ಪಾಲಿಸಲು ಇನ್ನೂ ವರ್ಷಗಳೇ ಹಿಡಿದವು. ಎಡಕ್ಕೊಂದು, ಬಲಕ್ಕೊಂದು ಕಾಲಂ ಇಡಬೇಕೆಂದರೆ ನಂಬಿಕೆಯ ದಾರಿ ಟೇಬಲ್ ಒಂದೇ ಆಗಿತ್ತು. ಚೌಕಟ್ಟಿಗೆ ಟೇಬಲ್ ಬಳಸಬೇಡಿ ಎಂದು ವೆಬ್ ಪುಟ ಬರೆಯುವ ಭಾಷೆಯ 1997ರ ಆವೃತ್ತಿ ಎಚ್‌ಟಿಎಂಎಲ್ 4 ಹೇಳಿತಾದರೂ ಬದಲಿಗೆ ಗಟ್ಟಿಯಾದ ಸಾಧನ ಕೈಯಲ್ಲಿರಲಿಲ್ಲ. ಪುಟವನ್ನು ಸಾಲು, ಕಾಲಂಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್ ಪ್ರಮುಖ ಬ್ರೌಸರ್‌ಗಳಿಗೆ ಬಂದದ್ದೇ 2017ರ ಮಾರ್ಚ್‌ನಲ್ಲಿ. ಈಗ ಆ ನೆಪ ಯಾರಿಗೂ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಚಾಲ್ತಿಯಲ್ಲಿದೆ, ಕಣ್ಣು ಕಾಣದವರಿಗೆ ಟೇಬಲ್ ಓದಲಾಗದು ಎನ್ನುವುದು. ಸರಿಯಾಗಿ ಬರೆದ ದತ್ತಾಂಶದ ಟೇಬಲ್ ಅವರಿಗೆ ಅನುಕೂಲವೇ. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುವವರು ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀಲಿ ಒತ್ತಿ ಸೆಲ್‌ನಿಂದ ಸೆಲ್‌ಗೆ ಹೋಗುತ್ತಾರೆ; ಹೋದಲ್ಲೆಲ್ಲ ಆ ಕಾಲಂನ ಶೀರ್ಷಿಕೆಯೂ ಕೇಳಿಸುತ್ತದೆ. ವೆಬ್ ಸುಲಭಲಭ್ಯತೆಯ (ಅಂಗವಿಕಲರೂ ಬಳಸುವಂತೆ ಸೈಟ್ ಇರುವುದರ) ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ 1999ರಿಂದಲೂ ಇದೆ, ಅದರ 2.2ನೇ ಆವೃತ್ತಿ 2023ರ ಅಕ್ಟೋಬರ್‌ನದು. ಚೌಕಟ್ಟಿನ ಟೇಬಲ್ ಕಂಡ ಮಾತ್ರಕ್ಕೆ ಈ ಮಾರ್ಗಸೂಚಿ ಸೈಟನ್ನು ಅನುತ್ತೀರ್ಣ ಮಾಡುವುದಿಲ್ಲ. ಸೆಲ್‌ಗಳನ್ನು ಬರೆದ ಕ್ರಮದಲ್ಲೇ ಒಂದಾದ ಮೇಲೊಂದು ಓದಿದರೆ ಅರ್ಥವಾಗುತ್ತದೆಯೇ ಎಂದು ಕೇಳುತ್ತದೆ. ನಿಮ್ಮ ಪುಟ ಸೋಲುವುದು ಆ ಪ್ರಶ್ನೆಯಲ್ಲಿ.

ಹಿರಿಯರಿಗೆ ಹಾಗೇಕೆ ಕೇಳಿಸಿತು?

ಕಣ್ಣು ಪುಟವನ್ನು ಒಮ್ಮೆಗೇ ನೋಡುತ್ತದೆ. ಸ್ಕ್ರೀನ್ ರೀಡರ್‌ಗೆ ಆ ನೋಟವಿಲ್ಲ. ಕಡತದಲ್ಲಿ ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ಓದುತ್ತದೆ. ಟೇಬಲ್‌ನಲ್ಲಿ ಬರವಣಿಗೆ ಅಡ್ಡಸಾಲಿನ ಪ್ರಕಾರ ನಡೆಯುತ್ತದೆ: ಮೊದಲ ಸಾಲಿನ ಎಲ್ಲ ಸೆಲ್‌ಗಳು, ಆಮೇಲೆ ಎರಡನೆಯ ಸಾಲಿನವು. ನಿಮ್ಮ ಮುಖಪುಟದ ಮೊದಲ ಸಾಲಿನಲ್ಲಿ ‘ಇಂದಿನ ದರ’, ‘ಮಳೆ’, ‘ನೋಟಿಸು’ ಎಂಬ ಮೂರು ಶೀರ್ಷಿಕೆಗಳಿವೆ. ಮೂರರ ವಿಷಯವೂ ಕೆಳಗಿನ ಸಾಲಿನಲ್ಲಿದೆ. ಪತ್ರಿಕೆಯ ಕಾಲಂಗಳನ್ನು ಲೆಕ್ಕಿಸದೆ ಪುಟವನ್ನು ಅಡ್ಡಡ್ಡ ಓದಿಕೊಂಡು ಹೋದಂತೆ ಅದು ಕೇಳಿಸುತ್ತದೆ.

ದರಪಟ್ಟಿಯಲ್ಲಿ ಆಗಿರುವುದು ಇದಕ್ಕಿಂತ ಕೆಟ್ಟದ್ದು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಕಾಳುಮೆಣಸು, ನಾಲ್ಕು ಬಗೆಯ ಕಾಫಿ ಮತ್ತು ಮೆಣಸಿನ ಈ ಐದು ಹೆಸರುಗಳನ್ನೂ ಒಂದೇ ಸೆಲ್‌ನಲ್ಲಿ ಸಾಲು ಮುರಿದು ಮುರಿದು ಬರೆದಿದ್ದಾರೆ. ಐದು ದರಗಳು ಪಕ್ಕದ ಇನ್ನೊಂದು ಸೆಲ್‌ನಲ್ಲಿ. ಪರದೆಯ ಮೇಲೆ ಹೆಸರಿನ ಎದುರಿಗೇ ದರ ಬಂದು ನಿಲ್ಲುತ್ತದೆ, ಏಕೆಂದರೆ ಎರಡೂ ಕಡೆ ಅಕ್ಷರದ ಎತ್ತರ ಒಂದೇ. ಆ ಹೊಂದಿಕೆ ಕಣ್ಣಿಗೆ ಮಾತ್ರ. ಕಡತದಲ್ಲಿ ರೋಬಸ್ಟಾ ಚೆರ್ರಿಗೂ ಅದರ ದರಕ್ಕೂ ಯಾವ ನಂಟೂ ಇಲ್ಲ. ಆದ್ದರಿಂದಲೇ ನಿಮ್ಮ ಹಿರಿಯ ಸದಸ್ಯರಿಗೆ ಮೊದಲು ಐದು ಹೆಸರು, ಆಮೇಲೆ ಐದು ಸಂಖ್ಯೆ ಕೇಳಿಸಿತು. ಅವರ ದೂರು ಅಕ್ಷರಶಃ ಸರಿ. ಇದು ಅವರೊಬ್ಬರ ಕಷ್ಟವೂ ಅಲ್ಲ: ಯಾರಾದರೂ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ‘ಅರೇಬಿಕಾ ಪಾರ್ಚ್‌ಮೆಂಟ್’ ಎರಡು ಸಾಲಿಗೆ ಒಡೆಯುತ್ತದೆ, ಕೆಳಗಿನ ದರಗಳೆಲ್ಲ ಒಂದು ಸಾಲು ತಪ್ಪಿ ನಿಲ್ಲುತ್ತವೆ. ಅರೇಬಿಕಾ ಚೆರ್ರಿಯ ದರವನ್ನು ಅರೇಬಿಕಾ ಪಾರ್ಚ್‌ಮೆಂಟ್‌ನದೆಂದು ಓದಿಕೊಂಡು ಯಾರಾದರೂ ವ್ಯಾಪಾರಿಯ ಹತ್ತಿರ ಹೋಗಿ ನಿಂತರೆ ಅದು ಚಿಲ್ಲರೆ ವಿಷಯವಲ್ಲ.

ಮೊಬೈಲ್‌ನಲ್ಲಿ ಕುಗ್ಗುವ ಕಾರಣ ಸರಳ. ಪುಟದ ಅಗಲ 760 ಪಿಕ್ಸೆಲ್ ಎಂದು ನಿಗದಿ ಮಾಡಿದ್ದಾರೆ; 800 ಪಿಕ್ಸೆಲ್ ಅಗಲದ ಮಾನಿಟರ್‌ಗಳ ಕಾಲದ ಲೆಕ್ಕ ಅದು. ‘ವ್ಯೂಪೋರ್ಟ್’ ಎಂಬ ಒಂದು ಸಾಲಿನ ಸೂಚನೆ ಇಲ್ಲದ ಕಾರಣ ಫೋನ್ ಇದನ್ನು ಕಂಪ್ಯೂಟರ್‌ನ ಪುಟವೆಂದು ಭಾವಿಸಿ, ಸುಮಾರು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಆಮೇಲೆ ಪರದೆಗೆ ಹಿಡಿಯುವಷ್ಟು ಕುಗ್ಗಿಸುತ್ತದೆ. ಆ ಒಂದು ಸಾಲು ಸೇರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಟೇಬಲ್‌ನ ಒಂದು ಸಾಲಿನಲ್ಲಿರುವ ಸೆಲ್‌ಗಳು ಜಾಗ ಸಾಲದಾಗ ಕೆಳಗಿಳಿಯುವುದಿಲ್ಲ. ಒಳಗಿನ ಚಿತ್ರ ಅಥವಾ ಅತಿ ಉದ್ದದ ಪದಕ್ಕಿಂತ ಕಿರಿದಾಗಲೂ ಒಪ್ಪುವುದಿಲ್ಲ, ಕನ್ನಡದ ಸಮಾಸಪದಗಳಂತೂ ಉದ್ದವೇ.

ಟೇಬಲ್‌ಗಿಂತ ತುರ್ತಾದದ್ದು: ನುಡಿ ಅಕ್ಷರಗಳು

ನಿಮ್ಮ ಕನ್ನಡ ನೋಟಿಸುಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ, ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ವಿಧಾನದಲ್ಲಿ ಟೈಪ್ ಮಾಡಿದ್ದಾರೆ. ಅಂಥ ಬರಹದ ಒಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳು, ಯುರೋಪಿನ ಭಾಷೆಗಳ ಚಿಹ್ನೆಗಳು. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟ್. ಸಂಘದ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದೆ, ಅದಕ್ಕೇ ಅಲ್ಲಿ ಕಾಣುತ್ತದೆ. ಫೋನಿನಲ್ಲಿ ಇಲ್ಲ. ಸ್ಕ್ರೀನ್ ರೀಡರ್ ಫಾಂಟ್ ನೋಡುವುದೇ ಇಲ್ಲ, ಒಳಗಿರುವುದನ್ನು ಓದುತ್ತದೆ. ಗೂಗಲ್‌ಗೂ ಆ ನೋಟಿಸು ಕನ್ನಡವೆಂದು ಗೊತ್ತಾಗುವುದಿಲ್ಲ. ಹೊಸ ವಿನ್ಯಾಸಕ್ಕೆ ಖರ್ಚು ಮಾಡಿ ಇದನ್ನು ಹಾಗೇ ಬಿಟ್ಟ ಸೈಟ್‌ಗಳನ್ನು ನನ್ನ ಕೆಲಸದಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ಬೇಸರವಾಗಿದೆ.

ಪರಿಹಾರಕ್ಕೆ ದುಡ್ಡು ಬೇಡ. ಹಳೆಯ ನುಡಿ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆದರೆ ಬದಲಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಒತ್ತಕ್ಷರ, ಅರ್ಕಾವತ್ತು ಕೆಲವೆಡೆ ತಪ್ಪುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ಇನ್ನು ಮುಂದಿನ ನೋಟಿಸುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದಲ್ಲೂ ‘ಬರಹ’ ತಂತ್ರಾಂಶದಲ್ಲೂ ಆ ಆಯ್ಕೆ ಇದೆ, ಫೋನಿನ ಕೀಲಿಮಣೆ ತಾನಾಗಿ ಅದನ್ನೇ ಬಳಸುತ್ತದೆ.

ಜೊತೆಗೆ ಪ್ರತಿ ಭಾಗ ಯಾವ ಭಾಷೆಯದೆಂದು ಕಡತದಲ್ಲಿ ಗುರುತು ಹಾಕಿಸಿ. ಕನ್ನಡಕ್ಕೆ ‘ಕೆಎನ್’, ಇಂಗ್ಲಿಷ್‌ಗೆ ‘ಇಎನ್’. ಈ ಗುರುತು ನೋಡಿಯೇ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ಬದಲಾಗುತ್ತದೆ. ಕೊಡವ ತಕ್ಕ್‌ನಲ್ಲಿ ಪ್ರಕಟಣೆ ಹಾಕುವುದಿದ್ದರೆ ಅದಕ್ಕೂ ತನ್ನದೇ ಸಂಕೇತವಿದೆ, ‘ಕೆಎಫ್‌ಎ’.

ನಿಮ್ಮ ಮುಂದಿರುವ ದಾರಿಗಳು

ಅತಿ ಕಡಿಮೆ ಖರ್ಚಿನದು ಇರುವುದನ್ನೇ ರಿಪೇರಿ ಮಾಡುವುದು. ಚೌಕಟ್ಟಿನ ಟೇಬಲ್‌ಗಳಿಗೆ ‘ಪ್ರೆಸೆಂಟೇಶನ್’ ಎಂಬ ರೋಲ್ ಕೊಟ್ಟರೆ ಸ್ಕ್ರೀನ್ ರೀಡರ್ ‘ಟೇಬಲ್, ಇಷ್ಟು ಸಾಲು, ಇಷ್ಟು ಕಾಲಂ’ ಎಂದು ಸಾರುವುದು ನಿಲ್ಲುತ್ತದೆ. ಜಾಗ ಬಿಡಲೆಂದು ತುಂಬಿರುವ ಪಾರದರ್ಶಕ ಚಿತ್ರಗಳಿಗೆ ಆಲ್ಟ್ (ಚಿತ್ರದ ಬದಲು ಓದಿ ಹೇಳುವ ವಿವರಣೆ) ಖಾಲಿ ಎಂದು ಕೊಡಬೇಕು. ಆಲ್ಟ್ ಇಲ್ಲದ ಕಡೆ ಚಿತ್ರದ ಕಡತದ ಹೆಸರನ್ನೇ ಓದಿಬಿಡುವುದುಂಟು. ವ್ಯೂಪೋರ್ಟ್ ಸಾಲು ಸೇರಿಸಿ, ಕಿರಿದಾದ ಪರದೆಯಲ್ಲಿ ಸೆಲ್‌ಗಳು ಒಂದರ ಕೆಳಗೊಂದು ಬರುವಂತೆ ಸಿಎಸ್‌ಎಸ್ ಬರೆಯಬಹುದು. ತಿಳಿದವರಿಗೆ ಇದು ದೊಡ್ಡ ಕೆಲಸವಲ್ಲ. ಮಿತಿ ಇಷ್ಟೇ: ಸೆಲ್‌ಗಳು ಬರೆದ ಕ್ರಮದಲ್ಲೇ ಕೆಳಗಿಳಿಯುತ್ತವೆ. ಮೂರು ಶೀರ್ಷಿಕೆ ಮೇಲೆ, ಮೂರು ವಿಷಯ ಕೆಳಗೆ ಎಂಬ ನಿಮ್ಮ ಗೋಜಲು ಈಗ ಕಣ್ಣಿಗೂ ಕಾಣುತ್ತದೆ, ಅಷ್ಟೆ.

ಎರಡನೆಯ ದಾರಿ ಪುಟವನ್ನು ಹೊಸದಾಗಿ ಬರೆಯುವುದು. ನಿಮ್ಮದು ಪುಟಗಳು ಕಡಿಮೆ ಇರುವ ಸೈಟ್, ನಾನು ಇದನ್ನೇ ಹೇಳುತ್ತೇನೆ. ಕೆಲಸವನ್ನು ಕಂಪ್ಯೂಟರ್‌ನಿಂದ ಶುರು ಮಾಡಬೇಡಿ, ಕಾಗದದಿಂದ ಮಾಡಿ. ಸಂಘದ ಸದಸ್ಯರೊಬ್ಬರು ಫೋನ್ ಮಾಡಿ ‘ಏನು ಸಮಾಚಾರ’ ಎಂದು ಕೇಳಿದರೆ ನೀವು ಯಾವುದನ್ನು ಮೊದಲು ಹೇಳುತ್ತೀರಿ, ಯಾವುದನ್ನು ಆಮೇಲೆ? ಆ ಕ್ರಮದಲ್ಲಿ ಬರೆದುಕೊಳ್ಳಿ. ಸಂಘದ ಹೆಸರು, ಇಂದಿನ ದರ, ನೋಟಿಸು, ಮಳೆ, ಸಂಪರ್ಕ. ಎಚ್‌ಟಿಎಂಎಲ್ ಕೂಡ ಅದೇ ಕ್ರಮದಲ್ಲಿರಲಿ: ತಲೆಬರಹಕ್ಕೆ ಹೆಡರ್, ಮೆನುವಿಗೆ ನ್ಯಾವ್, ಮುಖ್ಯ ವಿಷಯಕ್ಕೆ ಮೇನ್, ಕೊನೆಗೆ ಫುಟರ್, ಪ್ರತಿ ಭಾಗದ ಮೇಲೆ ಅದರದೇ ಶೀರ್ಷಿಕೆಯ ಟ್ಯಾಗ್, ಶೀರ್ಷಿಕೆಯ ಕೆಳಗೇ ಅದರ ವಿಷಯ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಲ್ಲರು, ಮೆನು ಪೂರ್ತಿ ಕೇಳಬೇಕಾಗಿಲ್ಲ. ಇಷ್ಟಾದ ಮೇಲೆ ಸಿಎಸ್‌ಎಸ್ ಗ್ರಿಡ್‌ನಿಂದ ದೊಡ್ಡ ಪರದೆಯಲ್ಲಿ ಮೂರು ಕಾಲಂ ಮಾಡಿ, ಫೋನಿನಲ್ಲಿ ಒಂದೇ ಕಾಲಂ ಇರಲಿ.

ಇಲ್ಲಿನ ಅಪಾಯ ನಿಮ್ಮ ಸೋದರಳಿಯ ಹೇಳಿದ ಮಾತಿನಲ್ಲೇ ಇದೆ. ಡಿವ್ ಎಂಬುದು ಅರ್ಥವಿಲ್ಲದ ಪೆಟ್ಟಿಗೆ. ಶೀರ್ಷಿಕೆಯನ್ನು ಡಿವ್‌ನಲ್ಲಿ ಹಾಕಿ ಅಕ್ಷರ ದಪ್ಪ ಮಾಡಿದರೆ ಅದು ಶೀರ್ಷಿಕೆಯಾಗುವುದಿಲ್ಲ, ಗುಂಡಿಯನ್ನು ಡಿವ್‌ನಲ್ಲಿ ಮಾಡಿದರೆ ಕೀಲಿಮಣೆಯಿಂದ ಒತ್ತಲಾಗುವುದಿಲ್ಲ. ಗ್ರಿಡ್‌ಗೂ ಸಿಎಸ್‌ಎಸ್‌ನದೇ ಜೋಡಣೆಯ ವಿಧಾನವಾದ ಫ್ಲೆಕ್ಸ್‌ಬಾಕ್ಸ್‌ಗೂ ಇನ್ನೊಂದು ಆಮಿಷವಿದೆ: ಕಡತದಲ್ಲಿ ಕೊನೆಗಿರುವುದನ್ನು ಪರದೆಯಲ್ಲಿ ಮೊದಲಿಗೆ ತೋರಿಸುವ ‘ಆರ್ಡರ್’ ಸೌಲಭ್ಯ. ಕಣ್ಣಿಗೆ ಕ್ರಮ ಬದಲಾಗುತ್ತದೆ, ಸ್ಕ್ರೀನ್ ರೀಡರ್‌ಗೂ ಟ್ಯಾಬ್ ಕೀಲಿಗೂ ಹಳೆಯದೇ. ಟೇಬಲ್ ಕಾಲದ ತಪ್ಪೇ ಹೊಸ ವೇಷದಲ್ಲಿ ಮರಳಿ ಬರುತ್ತದೆ.

ಮೂರನೆಯದು ಕೋಡ್ ಬರೆಯದೆ ಸೈಟ್ ನಡೆಸುವ ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಗೆ ಹೋಗುವುದು. ನೋಟಿಸು ಹಾಕುವುದು ಸುಲಭವಾಗುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಥೀಮ್ (ಸಿದ್ಧ ವಿನ್ಯಾಸ), ಪ್ಲಗಿನ್ (ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಇವನ್ನು ಆಗಾಗ ಅಪ್‌ಡೇಟ್ ಮಾಡದಿದ್ದರೆ ಸೈಟ್ ಹ್ಯಾಕ್ ಆಗಬಹುದು. ಅಲಂಕಾರದ ಥೀಮ್‌ಗಳು ಭಾರವೂ ಹೌದು. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಟವರ್‌ನ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ದರ ನೋಡಲು ಇಡೀ ಫೋಟೋ ಗ್ಯಾಲರಿ ಇಳಿಯುವವರೆಗೆ ಕಾಯುವ ಹಾಗಾಗಬಾರದು. ಇದನ್ನೇ ಆರಿಸಿದರೆ ಸರಳವಾದ, ಸುಲಭಲಭ್ಯತೆಗೆ ಸಿದ್ಧವೆಂದು ಗುರುತಿಸಿದ ಥೀಮ್ ತೆಗೆದುಕೊಳ್ಳಿ.

‘ಒಂದು ಸಾಲಿನ ಕೋಡ್ ಹಾಕಿ, ಸೈಟ್ ಎಲ್ಲರಿಗೂ ಸುಲಭಲಭ್ಯ’ ಎಂದು ತಿಂಗಳ ಬಾಡಿಗೆಗೆ ಬರುವ ವಿಜೆಟ್‌ಗಳಿಗೆ ದುಡ್ಡು ಕೊಡಬೇಡಿ. ಹೆಸರಿಗೂ ದರಕ್ಕೂ ಕಡಿದುಹೋದ ನಂಟನ್ನು ಅವು ಜೋಡಿಸಲಾರವು.

ದರಪಟ್ಟಿ, ಮಳೆ ಲೆಕ್ಕ

ದರಪಟ್ಟಿಯನ್ನು ನಿಜವಾದ ಟೇಬಲ್ ಆಗಿ ಬರೆಸಿ. ಪ್ರತಿ ಮಾಲಿಗೆ ಒಂದು ಸಾಲು. ಸಾಲಿನ ಮೊದಲ ಸೆಲ್‌ನಲ್ಲಿ ಹೆಸರು, ಅದು ಶೀರ್ಷಿಕೆಯ ಸೆಲ್, ಅಂದರೆ ‘ಟಿಎಚ್’, ಅದರ ‘ಸ್ಕೋಪ್’ ಸಾಲಿಗೆ ಅನ್ವಯ. ಮೇಲಿನ ಸಾಲಿನ ‘ಕನಿಷ್ಠ’, ‘ಗರಿಷ್ಠ’ ಕೂಡ ಟಿಎಚ್, ಅವುಗಳ ಸ್ಕೋಪ್ ಕಾಲಂಗೆ ಅನ್ವಯ. ಮೇಲೆ ಕ್ಯಾಪ್ಶನ್‌ನಲ್ಲಿ, ಅಂದರೆ ಟೇಬಲ್‌ನ ತಲೆಬರಹದಲ್ಲಿ, ದಿನಾಂಕವನ್ನೂ ಅಳತೆಯನ್ನೂ ಹೇಳಿ: ಕಾಫಿ 50 ಕೆಜಿ ಚೀಲಕ್ಕೆ, ಮೆಣಸು ಕೆಜಿಗೆ, ರೂಪಾಯಿಗಳಲ್ಲಿ. ಹೀಗಿದ್ದರೆ ಫೋನಿನಲ್ಲಿ ಬೆರಳು ಸರಿಸುತ್ತ ಹೋದಾಗ ‘ರೋಬಸ್ಟಾ ಚೆರ್ರಿ’ ಎಂದದ್ದರ ಬೆನ್ನಿಗೇ ಅದರ ದರ ಕೇಳಿಸುತ್ತದೆ. ಅಂದಕ್ಕೆಂದು ಸೆಲ್‌ಗಳನ್ನು ಒಟ್ಟುಗೂಡಿಸಬೇಡಿ. ದರ ಏರಿದರೆ ಹಸಿರು, ಇಳಿದರೆ ಕೆಂಪು ಎಂದಷ್ಟೇ ಬಿಡಬೇಡಿ, ‘ಏರಿಕೆ’ ‘ಇಳಿಕೆ’ ಎಂದು ಪದವನ್ನೂ ಬರೆಯಿರಿ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಅಪರೂಪವೇನಲ್ಲ.

ಮಳೆ ಲೆಕ್ಕದ್ದು ಬೇರೆ ಸಮಸ್ಯೆ. ಊರುಗಳು ಕೆಳಕ್ಕೆ, 12 ತಿಂಗಳು ಅಡ್ಡಕ್ಕೆ, ಕೊನೆಗೆ ಒಟ್ಟು, ಹೀಗೆ 14 ಕಾಲಂ ಫೋನಿನಲ್ಲಿ ಹಿಡಿಯುವುದಿಲ್ಲ. ನೀವು ಅದನ್ನು ತಿರುಗಿಸಿ ತಿಂಗಳನ್ನು ಕೆಳಕ್ಕೆ ತರಬಹುದು. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಜನ ಹುಡುಕುವುದು ಈ ತಿಂಗಳ ಸಾಲನ್ನೇ. ಊರುಗಳೂ ಹೆಚ್ಚಿದ್ದರೆ ಟೇಬಲ್‌ಗೆ ಮಾತ್ರ ಅಡ್ಡ ಜರುಗುವ ಒಂದು ಚೌಕಟ್ಟು ಕೊಡಿಸಿ, ಆ ಚೌಕಟ್ಟಿಗೆ ಕೀಲಿಮಣೆಯಿಂದಲೂ ಹೋಗುವಂತಿರಲಿ. ಪುಟವೇ ಅಡ್ಡ ಜರುಗಬಾರದು. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ನಮಗೆ ರೂಢಿ, ಹೊಸಬರಿಗಲ್ಲ. ಕ್ಯಾಪ್ಶನ್‌ನಲ್ಲಿ ಅದನ್ನೂ ಹೇಳಿ.

ಗೂಗಲ್, ಕಾನೂನು

ಟೇಬಲ್ ತೆಗೆದದ್ದಕ್ಕೆ ಗೂಗಲ್ ಶಿಕ್ಷಿಸುವುದಿಲ್ಲ. ಪುಟದ ವಿಳಾಸ ಬದಲಾಗಿ ಹಳೆಯ ಕೊಂಡಿಗಳು ಸತ್ತರೆ ಮಾತ್ರ ನಷ್ಟ. ವಿಳಾಸಗಳನ್ನು ಹಾಗೆಯೇ ಉಳಿಸಿ, ಬದಲಾಯಿಸಲೇಬೇಕಿದ್ದರೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಿಸಿ. ಗೂಗಲ್ ಈಗ ಪುಟಗಳನ್ನು ಮೊಬೈಲ್‌ನಲ್ಲಿ ಕಾಣುವ ರೂಪದಲ್ಲೇ ಓದಿಕೊಳ್ಳುತ್ತದೆ, ಆದ್ದರಿಂದ ಮೊಬೈಲ್‌ಗೆ ಹೊಂದುವ ಪುಟದಿಂದ ನಿಮಗೆ ಹಾನಿಯಿಲ್ಲ. ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಸಂಘದ ಸಭೆಯಲ್ಲಿ ಹೇಳಲು ಉಪಯೋಗವಾದೀತು: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಸೇವೆಗಳ ಸುಲಭಲಭ್ಯತೆಯ ಮಾತಾಡುವಾಗ ಸರ್ಕಾರಿ, ಖಾಸಗಿ ಎರಡನ್ನೂ ಹೆಸರಿಸುತ್ತದೆ.

ಕೆಲಸ ಒಪ್ಪಿಕೊಳ್ಳುವ ಮೊದಲು

ಮಾಡಿಕೊಟ್ಟವರು ‘ಆಯಿತು’ ಎಂದಾಗ ನೀವೇ ಪರೀಕ್ಷಿಸಬಹುದು. ಫೈರ್‌ಫಾಕ್ಸ್‌ನ ವ್ಯೂ ಮೆನುವಿನಲ್ಲಿ ಪುಟದ ಶೈಲಿಯನ್ನು ತೆಗೆಯುವ ಆಯ್ಕೆ ಇದೆ. ಅಲಂಕಾರ ಕಳಚಿದ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ, ಅರ್ಥವಾಗಬೇಕು. ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯಿಂದಲೇ ಮೆನು, ಕೊಂಡಿಗಳಿಗೆ ಹೋಗಿ ನೋಡಿ, ಎಲ್ಲಿದ್ದೀರೆಂದು ಕಾಣಬೇಕು. 1280 ಪಿಕ್ಸೆಲ್ ಅಗಲದ ಪರದೆಯಲ್ಲಿ 400 ಶೇಕಡಾ ಹಿಗ್ಗಿಸಿ. ಆಗ 320 ಪಿಕ್ಸೆಲ್ ಅಗಲದ ಫೋನಿನ ಸ್ಥಿತಿ ಬರುತ್ತದೆ, ವಾಕ್ಯ ಓದಲು ಅಡ್ಡ ಜರುಗಿಸುವ ಹಾಗಿರಬಾರದು. ತಾನಾಗಿ ತಪ್ಪು ಹುಡುಕುವ ಉಚಿತ ಉಪಕರಣಗಳೂ ಇವೆ, ಬಳಸಿ. ಆದರೆ ಓದುವ ಕ್ರಮ ಅರ್ಥಪೂರ್ಣವೇ ಎಂಬುದನ್ನು ಅವು ಹೇಳಲಾರವು. ಅದಕ್ಕೆ ನಿಮ್ಮ ಹಿರಿಯ ಸದಸ್ಯರೇ ಸರಿ. ಅವರ ಫೋನಿನಲ್ಲಿ, ಅವರ ವೇಗದಲ್ಲಿ, ನೀವು ಬಾಯಿ ಹಾಕದೆ, ಅಂದಿನ ರೋಬಸ್ಟಾ ಚೆರ್ರಿ ದರ ಹುಡುಕಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅದನ್ನು ಬರೆದುಕೊಂಡು ಸೋದರಳಿಯನಿಗೆ ಕೊಡಿ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ನುಡಿ ಬರಹ ಬದಲಿಸುವುದು ಮತ್ತು ದರಪಟ್ಟಿ, ಇವೆರಡು ಮೊದಲು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಅವು ಸಿದ್ಧವಿರಲಿ. ಉಳಿದ ಪುಟಗಳು ಆಮೇಲೆ. ಡೊಮೇನ್ ಹೆಸರು, ಪಾಸ್‌ವರ್ಡ್ ಯಾರದೋ ಸ್ವಂತ ಇಮೇಲ್‌ನಲ್ಲಿದ್ದರೆ ಸಂಘದ ಹೆಸರಿಗೆ ಮಾಡಿಸಿ, ಕಾರ್ಯದರ್ಶಿ ಬದಲಾದಾಗ ಸೈಟ್ ಅನಾಥವಾಗಬಾರದು.

ದಿನಾ ದರ ಹಾಕುವವರು ಯಾರು ಎಂಬುದನ್ನೂ ಈಗಲೇ ಯೋಚಿಸಿ. ಅವರಿಗೆ ಎಚ್‌ಟಿಎಂಎಲ್ ಮುಟ್ಟುವ ಕೆಲಸ ಕೊಡಬೇಡಿ. ಸಂಖ್ಯೆಗಳನ್ನಷ್ಟೇ ತುಂಬುವ ಒಂದು ಚಿಕ್ಕ ಫಾರಂ ಮಾಡಿಕೊಡಲು ಸೋದರಳಿಯನಿಗೆ ಹೇಳಿ. ಅದಿಲ್ಲದಿದ್ದರೆ ಎರಡೇ ವಾರದಲ್ಲಿ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ದರಪಟ್ಟಿಯ ಫೋಟೋವನ್ನು ತಂದು ಮುಖಪುಟಕ್ಕೆ ಅಂಟಿಸುತ್ತಾರೆ. ಆ ಫೋಟೋದಿಂದ ಸ್ಕ್ರೀನ್ ರೀಡರ್ ಒಂದು ದರವನ್ನೂ ನಂಬುವ ಹಾಗೆ ಓದಿ ಹೇಳಲಾರದು.